ಪದಚರ್ಚೆ: ಆಸಕ್ತಿ, ವ್ಯಸನ, ಚಟ – ಮಕ್ಕಳ ವಿಷಯಕ್ಕೆ ಯಾವುದು ಸರಿ?

ಎಲ್ಲರಿಗೂ ನಮಸ್ಕಾರ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಬರೀತಿದ್ದೇನೆ. ಅಣ್ಣನ ಮಗಳು ಮಕ್ಕಳ ಮನೋವೈದ್ಯೆ, ಈಗ ಅಡಿಕ್ಷನ್ ರಿಸರ್ಚಿನ ಕಡೆಗೆ ಹೊರಟಿದ್ದಾಳೆ. ಅವಳ ಕೆಲಸದ ಬಗ್ಗೆ ನಮ್ಮ ವಾಚನಾಲಯದ ಸಂಚಿಕೆಗೆ ಎರಡು ಪುಟ ಬರೀಲಿಕ್ಕೆ ಹೇಳಿದ್ದಾರೆ, ನಾನು ತಲೆಬರಹದಲ್ಲೇ ನಿಂತುಬಿಟ್ಟಿದ್ದೇನೆ. ಅಡಿಕ್ಷನ್‌ಗೆ ಎಂತ ಬರೀಬೇಕು?

ಗಡಿಯಲ್ಲಿರುವ ನಮಗೆ ಇದು ಬರೀ ಡಿಕ್ಷನರಿ ನೋಡಿ ಮುಗಿಯುವ ಪ್ರಶ್ನೆ ಅಲ್ಲ. ಮಲಯಾಳದಲ್ಲಿ ಲಹರಿ ಅಂದ್ರೆ ಅಮಲು, ಆಸಕ್ತಿ ಅಂದ್ರೆ ಅಡಿಕ್ಷನ್. ಹೋದ ವರ್ಷ ಶಾಲೆಯ ಪಿಟಿಎ ಮೀಟಿಂಗಿಗೆ ಒಂದು ಹ್ಯಾಂಡ್‌ಬಿಲ್ ಬಂದಿತ್ತು, ಮಲಯಾಳದಿಂದ ಹಾಗೇ ಇಳಿಸಿದ್ದು, "ಮಕ್ಕಳ ಲಹರಿ ಆಸಕ್ತಿ ತಡೆಯಿರಿ" ಅಂತ. ವಿಟ್ಲದ ಕಡೆಯಿಂದ ಮದುವೆಯಾಗಿ ಬಂದ ಒಬ್ಬರು ತಾಯಿ ಆ ಸಾಲಿನ ಮೇಲೆ ಬೆರಳಿಟ್ಟು, "ಮಾಷ್ಟ್ರೆ, ಇವನಿಗೆ ಆಸಕ್ತಿಯೇ ಇಲ್ಲ ಅಂತ ಪ್ರೋಗ್ರೆಸ್ ಕಾರ್ಡಲ್ಲಿ ನೀವೇ ಬರ್ದಿದ್ದೀರಿ, ಇಲ್ಲಿ ಆಸಕ್ತಿ ತಡೀರಿ ಅಂತ ಉಂಟಲ್ಲ" ಅಂದ್ರು. ಅವರ ತಪ್ಪೇನೂ ಇಲ್ಲ. ಮಗನ ಬಗ್ಗೆ ನಿಜವಾಗಿ ಹೆದರಬೇಕಾದ ವಿಷಯ ಅವರಿಗೆ ತಲುಪಲೇ ಇಲ್ಲ, ಅದು ನನಗೆ ಇವತ್ತಿಗೂ ಕೊರೀತದೆ.

ಸರಿ, ಕನ್ನಡದ ವ್ಯಸನ ಹಾಕುವ ಅಂದ್ರೆ ಮಲಯಾಳದಲ್ಲಿ ಅದು ದುಃಖ. ನಮ್ಮಲ್ಲೂ ಹಿರಿಯರು "ವ್ಯಸನ ಮಾಡ್ಬೇಡ ಮಗಾ" ಅಂತ ಸಮಾಧಾನ ಹೇಳ್ತಿದ್ದದ್ದು ಆ ಅರ್ಥದಲ್ಲೇ. ಮತ್ತೆ ಸಪ್ತವ್ಯಸನ ಅಂತ ಹಳೇ ಲೆಕ್ಕ ಉಂಟು, ಜೂಜು, ಕಳವು, ಬೇಟೆ ಎಲ್ಲ ಒಂದೇ ಸಾಲಲ್ಲಿ, ಅಂದ್ರೆ ಅದು ಕಾಯಿಲೆ ಅಲ್ಲ, ಪಾಪದ ಪಟ್ಟಿ. ಚಟ ಅಂದ್ರೆ ಎಲ್ಲರಿಗೂ ತಿಳೀತದೆ, ಆದ್ರೆ ತಪ್ಪೆಲ್ಲ ಹುಡುಗನ ತಲೆಗೇ ಬರ್ತದೆ. ಗೀಳು ಒಸಿಡಿಗೆ, ಅಂದ್ರೆ ಒಂದೇ ಯೋಚನೆ, ಒಂದೇ ಕೆಲಸ ಮತ್ತೆ ಮತ್ತೆ ಕಾಡುವ ಕಾಯಿಲೆಗೆ, ಹೋಗಿ ಆಯ್ತು.

ಇಂಗ್ಲಿಷಿನಲ್ಲೂ ಈ ಜಗ್ಗಾಟ ಮುಗಿದಿಲ್ಲ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಅಡಿಕ್ಷನ್ ಬದಲು ಡಿಪೆಂಡೆನ್ಸ್, ಅಂದ್ರೆ ಅವಲಂಬನೆ, ಅನ್ನಿ ಅಂತು, 2013ರ ಡಿಎಸ್ಎಂ-5ರಲ್ಲಿ, ಅಂದ್ರೆ ಅಮೆರಿಕದ ಮನೋವೈದ್ಯರು ಕಾಯಿಲೆ ಗುರುತಿಸ್ಲಿಕ್ಕೆ ಬಳಸುವ ಕೈಪಿಡಿಯಲ್ಲಿ, ಅಬ್ಯೂಸ್, ಡಿಪೆಂಡೆನ್ಸ್ ಎರಡನ್ನೂ ತೆಗೆದು ಸಬ್‌ಸ್ಟೆನ್ಸ್ ಯೂಸ್ ಡಿಸಾರ್ಡರ್ ಅಂತ ಒಂದೇ ಮಾಡಿದ್ರು.

ಅಮೆರಿಕದಲ್ಲಿ ಮಕ್ಕಳ ಮನೋವೈದ್ಯರನ್ನೇ ಆರಿಸಿ ಅಡಿಕ್ಷನ್ ಸಂಶೋಧಕರಾಗಿ ಬೆಳೆಸ್ಲಿಕ್ಕೆ ಕೆ12 ಅಂತ ಒಂದು ಯೋಜನೆ ಉಂಟು, ದುಡ್ಡು ನೈಡಾ ಅನ್ನುವ, ಮಾದಕವಸ್ತುಗಳ ಬಗ್ಗೆ ಸಂಶೋಧನೆ ಮಾಡಿಸುವ ಸರ್ಕಾರಿ ಸಂಸ್ಥೆಯದ್ದು, ನಡೆಸುವುದು ಅಲ್ಲಿಯ ಮಕ್ಕಳ ಮನೋವೈದ್ಯರ ಅಕಾಡೆಮಿ. ಪಳಗಿದ ಸಂಶೋಧಕರೊಬ್ಬರ ಜೊತೆ ವರ್ಷಗಟ್ಟಲೆ ಕೆಲಸ, ಹೊತ್ತಿನ ಮುಕ್ಕಾಲು ಪಾಲು ರಿಸರ್ಚಿಗೇ ಮೀಸಲು, ಓಪಿ ರಶ್ ಉಂಟು ಬನ್ನಿ ಅಂತ ಎಳ್ಕೊಂಡು ಹೋಗುವ ಹಾಗಿಲ್ಲ. ನಮ್ಮ ನಿಮ್ಹಾನ್ಸಲ್ಲಿ ಮಕ್ಕಳ ಮನೋವೈದ್ಯಕ್ಕೆ ಒಂದು ಡಿಎಂ, ಅಂದ್ರೆ ಎಂಡಿ ನಂತರದ ಉನ್ನತ ಪದವಿ, ಅಡಿಕ್ಷನ್‌ಗೆ ಇನ್ನೊಂದು ಡಿಎಂ. ಎರಡೂ ಗೊತ್ತಿರುವವರು ಯಾಕೆ ಬೇಕು ಅಂದ್ರೆ ಅಭ್ಯಾಸ ಶುರುವಾಗುವುದು ಹೆಚ್ಚಾಗಿ ಹದಿಹರೆಯದಲ್ಲಿ, ತಡೆದು ಯೋಚಿಸುವ ಮೆದುಳಿನ ಮುಂಭಾಗ ಇಪ್ಪತ್ತೈದರ ಹತ್ರದವರೆಗೂ ಬಲೀತಾ ಇರ್ತದೆ, ಜೊತೆಗೆ ಎಡಿಎಚ್‌ಡಿಯೋ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಡಿಪ್ರೆಶನ್ನೋ ಇದ್ರೆ ಯಾವುದರಿಂದ ಯಾವುದು ಅಂತ ಬಿಡಿಸಿ ನೋಡುವವರು ಬೇಕು. ದೊಡ್ಡವರ ಲೆಕ್ಕ ಮಕ್ಕಳಿಗೆ ಹೊಂದುವುದಿಲ್ಲ. 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂಸುವ ಅಮಲು, ಅಂದ್ರೆ ಅಂಟು, ಥಿನ್ನರ್ ಇಂಥದ್ದು, ದೊಡ್ಡವರಲ್ಲಿ ಶೇ. 0.58, ಹತ್ತರಿಂದ ಹದಿನೇಳರ ಮಕ್ಕಳಲ್ಲಿ ಶೇ. 1.17.

ಇನ್ನು ನನ್ನ ಪ್ರಶ್ನೆ. "ಮಕ್ಕಳ ವ್ಯಸನ ಸಂಶೋಧಕಿ" ಅಂತ ಬರೆದ್ರೆ ನಮ್ಮ ಕಡೆಯವರು ಮಕ್ಕಳ ದುಃಖದ ಬಗ್ಗೆ ಅಂತ ಓದ್ತಾರೆ. "ಅಮಲಿನ ಅವಲಂಬನೆ" ಅಂತ ಯೋಚಿಸಿದ್ದೇನೆ, ಮದ್ಯವರ್ಜನ ಶಿಬಿರ ಕಂಡವರಿಗೆಲ್ಲ ಅಮಲು ಗೊತ್ತುಂಟು, ಆದ್ರೆ ಮೊಬೈಲ್ ಗೇಮಿಗೆ ಅದು ಕೂಡುವುದಿಲ್ಲ. ಇನ್ನೊಂದು "ಬಿಡಲಾರದ ಬಳಕೆ", ಇದು ನನಗೆ ಹೆಚ್ಚು ಇಷ್ಟ, ಹುಡುಗನನ್ನ ಬಯ್ಯುವುದಿಲ್ಲ, ಅವನ ಕಷ್ಟ ಹೇಳ್ತದೆ, ಆದ್ರೆ ಅದರ ಮುಂದೆ ಸಂಶೋಧಕಿ ಸೇರಿಸ್ಲಿಕ್ಕೆ ಹೋದ್ರೆ ಬಾಯಿ ತೊಡರ್ತದೆ. ಆ ಸ್ಥಿತಿಯಲ್ಲಿರುವ ಮಗುವಿಗೂ ಒಂದು ಮಾತು ಬೇಕು, ವ್ಯಸನಿ ಅಂತ ಹದಿನಾಲ್ಕರ ಹುಡುಗನಿಗೆ ಬರೀಲಿಕ್ಕೆ ನನ್ನ ಕೈ ಬರುವುದಿಲ್ಲ.

ಸೊಲ್ಲಾಪುರ, ಹೊಸೂರು, ಮಡಕಶಿರಾ ಕಡೆಯವರು ಮನೆಯಲ್ಲಿ ಇದಕ್ಕೆ ಎಂತ ಹೇಳ್ತೀರಿ, ಮರಾಠಿ ತಮಿಳು ತೆಲುಗು ಬೆರೆತದ್ದಾದ್ರೂ ಪರವಾಗಿಲ್ಲ, ಆಡುವ ಮಾತೇ ಬರೀರಿ. ಸಂಚಿಕೆ ಪ್ರೆಸ್ಸಿಗೆ ಹೋಗ್ಲಿಕ್ಕೆ ಇನ್ನು ಹತ್ತು ದಿನ ಉಂಟು.