ಕೌಂಟಿ ಜಡ್ಜ್ ಹತ್ರ ಹೋಗಬೇಕಾ, ಕ್ಲರ್ಕ್ ಹತ್ರನಾ?

ಪ್ರಶ್ನೆ: ನಮಸ್ಕಾರ ಮೇಡಂ. ಟೆಕ್ಸಸ್‌ನ ಫ್ರಿಸ್ಕೋದಲ್ಲಿ, ಕಾಲಿನ್ ಕೌಂಟಿ (ನಮ್ಮ ಜಿಲ್ಲೆ ಥರ) ಕಡೆ, ಹೋದ ತಿಂಗಳು ಮನೆ ತಗೊಂಡ್ವಿ. ‘ದುಡ್ಡು ಕಟ್ಟಿದರೆ ನಿಮ್ಮ ಡೀಡ್ (ಕ್ರಯಪತ್ರ) ನಕಲು ಕಳಿಸುತ್ತೇವೆ’ ಅಂತ ಒಂದು ಪತ್ರ ಬಂದಿದೆ. ನೋಡೋಕೆ ಸರ್ಕಾರಿ ಕಾಗದದ ಹಾಗೇ ಇದೆ. ಕೌಂಟಿ ಜಡ್ಜ್‌ಗೆ ಹೇಳಬೇಕಾ? ಊರಲ್ಲಾದರೆ ಡಿಸಿ, ತಹಶೀಲ್ದಾರ್ ಅಂತ ಗೊತ್ತು. ಇಲ್ಲಿ ಯಾರ ಕೈಕೆಳಗೆ ಯಾರಿದ್ದಾರೋ!

ಉತ್ತರ: ನಮಸ್ಕಾರ. ನಾನು ಟೈಟಲ್ ಕಂಪನಿಯಲ್ಲಿ ಆಸ್ತಿ ದಾಖಲೆ ನೋಡುವವಳು. ಮೊದಲು ಆ ಪತ್ರವನ್ನು ಕಸದ ಬುಟ್ಟಿಗೆ ಹಾಕಿ. ಕ್ಲೋಸಿಂಗ್, ಅಂದರೆ ಮನೆ ಖರೀದಿ ವ್ಯವಹಾರ ಮುಗಿದ ಮೇಲೆ ನಿಮ್ಮ ಡೀಡ್ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದಾಖಲಾಗುತ್ತೆ. ಹೆಚ್ಚುವರಿ ನಕಲು ಬೇಕಾದರೂ ಅಲ್ಲೇ ಕೆಲವು ಡಾಲರ್‌ಗೆ ಸಿಗುತ್ತೆ. ನಮ್ಮ ಸಬ್ ರಿಜಿಸ್ಟ್ರಾರ್ ಮಾಡೋ ಕೆಲಸ ಇಲ್ಲಿ ಈ ಕ್ಲರ್ಕ್‌ದು. ಹುದ್ದೆ ಹೆಸರು ಕೇಳಿ ಗುಮಾಸ್ತರು ಅಂದುಕೊಳ್ಳಬೇಡಿ, ಓಟು ಹಾಕಿಸಿಕೊಂಡು ಗೆದ್ದು ಬಂದವರು.

ಡಿಸಿ ಥರದ ಒಬ್ಬ ಮೇಲಧಿಕಾರಿ ಇಲ್ಲಿ ಇಲ್ಲವೇ ಇಲ್ಲ. ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥರು), ಕ್ಲರ್ಕ್, ತೆರಿಗೆ ವಸೂಲಿ ಮಾಡುವವರು, ಎಲ್ಲರೂ ಬೇರೆ ಬೇರೆಯಾಗಿ ಚುನಾಯಿತರು. ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರ್‌ಗಳು ಕೂತು ಬಜೆಟ್, ತೆರಿಗೆ ದರ ತೀರ್ಮಾನಿಸುತ್ತಾರೆ. ಆ ಸಭೆಗೆ ‘ಕಮಿಷನರ್ಸ್ ಕೋರ್ಟ್’ ಅಂತಲೇ ಹೆಸರು, ಆದರೆ ಅಲ್ಲಿ ವಿಚಾರಣೆ ಏನೂ ನಡೆಯಲ್ಲ. ಜಡ್ಜ್ ವಕೀಲರೇ ಆಗಿರಬೇಕು ಅಂತಲೂ ಇಲ್ಲ. ಶೆರಿಫ್ ಮೇಲೆ ಎಷ್ಟೇ ಸಿಟ್ಟಿದ್ದರೂ ಅವರು ಶೆರಿಫ್‌ರನ್ನು ಕೆಲಸದಿಂದ ತೆಗೆಯೋ ಹಾಗಿಲ್ಲ. 1876ರ ಟೆಕ್ಸಸ್ ಸಂವಿಧಾನ ಬರೆದವರಿಗೆ ಒಬ್ಬರ ಕೈಯಲ್ಲೇ ಅಧಿಕಾರ ಸೇರೋದು ಬೇಡವಾಗಿತ್ತು. ಜನರಿಗೆ ಓಡಾಟ ಜಾಸ್ತಿ ಆಯ್ತು ಅನ್ನೋದು ಬೇರೆ ಮಾತು.

ಹಾಂ, ತೆರಿಗೆ ಲೆಕ್ಕಕ್ಕೆ ಮನೆ ಬೆಲೆ ಕಟ್ಟೋದು ಅಪ್ರೈಸಲ್ ಡಿಸ್ಟ್ರಿಕ್ಟ್. ಅದು ಪ್ರತ್ಯೇಕ ಸಂಸ್ಥೆ. ಹೋಮ್‌ಸ್ಟೆಡ್ ವಿನಾಯಿತಿ (ನೀವೇ ವಾಸಿಸುವ ಮನೆಗೆ ಸಿಗೋ ತೆರಿಗೆ ರಿಯಾಯಿತಿ) ಅರ್ಜಿಯನ್ನು ಅಲ್ಲಿಗೇ ಹಾಕಿ. ಅದಕ್ಕೆ ಶುಲ್ಕ ಇಲ್ಲ. ಕಾರಿನ ರಿಜಿಸ್ಟ್ರೇಷನ್ ಸ್ಟಿಕರ್ ಮಾತ್ರ ಟ್ಯಾಕ್ಸ್ ಆಫೀಸಿನಲ್ಲಿ.

ಪ್ರಶ್ನೆ: ಬಚಾವಾದ್ವಿ! ಇನ್ನೊಂದು ಕೇಳಲಾ? ಫ್ರಿಸ್ಕೋ, ಪ್ಲೇನೋ ಇಷ್ಟು ದೊಡ್ಡ ಊರುಗಳಿದ್ದೂ ಕೋರ್ಟು ಯಾಕೆ ಮೆಕಿನ್ನಿಯಲ್ಲಿದೆ?

ಉತ್ತರ: ಕೌಂಟಿ ಆದಾಗ ಫ್ರಿಸ್ಕೋ ಅನ್ನೋ ಊರೇ ಇರಲಿಲ್ಲ ಸರ್! 1846ರಲ್ಲಿ ಫ್ಯಾನಿನ್ ಕೌಂಟಿಯಿಂದ ಇದನ್ನು ಬೇರೆ ಮಾಡಿದರು. ಮೊದಲು ಕೇಂದ್ರ ಆಗಿದ್ದು ಬಕ್ನರ್ ಅನ್ನೋ ಊರು. ಆದರೆ ಕೇಂದ್ರಸ್ಥಳ ಕೌಂಟಿಯ ನಡುಮಧ್ಯದಿಂದ ಮೂರು ಮೈಲಿಯೊಳಗೆ ಇರಬೇಕು ಅಂತ ನಿಯಮ ಇತ್ತು. ಬಕ್ನರ್ ಅದರಾಚೆ ಇತ್ತು. 1848ರಲ್ಲಿ ಕೇಂದ್ರ ಮೆಕಿನ್ನಿಗೆ ಬಂತು, ಬಕ್ನರ್ ಊರೇ ಹೇಳಹೆಸರಿಲ್ಲದ ಹಾಗೆ ಆಯ್ತು. ಕೌಂಟಿಗೂ ಊರಿಗೂ ಒಬ್ಬರದೇ ಹೆಸರು: ಕಾಲಿನ್ ಮೆಕಿನ್ನಿ, ಟೆಕ್ಸಸ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು.

ಚೌಕದ ಮಧ್ಯದ ಹಳೇ ಕೋರ್ಟ್‌ಹೌಸ್ 1870ರ ದಶಕದ್ದು. ಆಗ ಅದು ಫ್ರೆಂಚ್ ಶೈಲಿಯಲ್ಲಿತ್ತು. 1927ರಲ್ಲಿ ಹೊರಗಿನ ರೂಪವನ್ನೇ ಬದಲಾಯಿಸಿಬಿಟ್ಟರು. ಈಗ ನೀವು ನೋಡೋದು ಆ 1927ರ ಮುಖ. ನನಗಂತೂ ಹಳೇ ಫೋಟೋದಲ್ಲಿರೋದೇ ಚೆಂದ. ಈಗ ಅಲ್ಲಿ ಸಂಗೀತ, ನಾಟಕ ನಡೆಯುತ್ತೆ. ಕೋರ್ಟು, ಕಚೇರಿಗಳು ಬ್ಲೂಮ್‌ಡೇಲ್ ರಸ್ತೆಗೆ ಹೋಗಿವೆ.

ಇನ್ನೊಬ್ಬರು: ಅಕ್ಕ, ನನ್ನ ತಮ್ಮನ ಮದುವೆ ಇಲ್ಲೇ. ಮ್ಯಾರೇಜ್ ಲೈಸೆನ್ಸ್ ಆ ಹಳೇ ಕಟ್ಟಡದಲ್ಲಿ ಕೊಡ್ತಾರಾ?

ಉತ್ತರ: ಇಲ್ಲ, ಅದೂ ಕೌಂಟಿ ಕ್ಲರ್ಕ್ ಕೆಲಸ, ಅವರ ಕಚೇರಿಗೇ ಹೋಗಿ. ಹುಡುಗ, ಹುಡುಗಿ ಇಬ್ಬರೂ ಗುರುತಿನ ಚೀಟಿ ತರಬೇಕು. ಮುಹೂರ್ತದ ಹಿಂದಿನ ದಿನ ಹೋದರೆ ಆಗಲ್ಲ. ಸಾಮಾನ್ಯವಾಗಿ ಲೈಸೆನ್ಸ್ ಕೊಟ್ಟು 72 ಗಂಟೆ ಆಗೋವರೆಗೆ ಮದುವೆ ಮಾಡುವಂತಿಲ್ಲ. ತೀರಾ ಮುಂಚೆಯೂ ಬೇಡ, 90 ದಿನಕ್ಕೆ ಅವಧಿ ಮುಗಿಯುತ್ತೆ. ಮದುವೆ ಮಾಡಿಸಿದ ಪುರೋಹಿತರು ಅದರಲ್ಲಿ ಸಹಿ ಹಾಕಿದ ಮೇಲೆ ಮರೆಯದೆ ಕ್ಲರ್ಕ್‌ಗೆ ವಾಪಸ್ ಕಳಿಸಿ.