ಜಿಬಿಎಸ್ ಪಾಸಿಟಿವ್ ಬಂತು, ಮಾತ್ರೆ ಯಾಕೆ ಕೊಡಲಿಲ್ಲ?

ಪ್ರಶ್ನೆ: ಡಾಕ್ಟ್ರೇ, ನನಗೀಗ 37 ವಾರ, ಚೊಚ್ಚಲ ಹೆರಿಗೆ. ತೋರಿಸುವುದು ಉಡುಪಿಯಲ್ಲಿ, ತವರು ಬೈಂದೂರು ಕಡೆ. ಕಳೆದ ವಾರ ಹತ್ತಿ ಕಡ್ಡಿಯಲ್ಲಿ ಸ್ವಾಬ್ ತೆಗೆದಿದ್ದರು. ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್, ಅಂದರೆ ಜಿಬಿಎಸ್, ಬೆಳೆದಿದೆ ಅಂತ ರಿಪೋರ್ಟ್ ಬಂತು. "ಹೆರಿಗೆ ಹೊತ್ತಿಗೆ ಇಂಜೆಕ್ಷನ್ ಕೊಡ್ತೇವೆ" ಅಂದರು, ಅಷ್ಟೇ. ಒಂದು ಮಾತ್ರೆ ಸಹ ಇಲ್ಲ. ಮನೆಗೆ ಬಂದು ಜಿಬಿಎಸ್ ಅಂತ ಹುಡುಕಿದರೆ ಕೈಕಾಲು ಬಿದ್ದುಹೋಗುವ ಕಾಯಿಲೆ ಅಂತ ಬಂತು, ರಾತ್ರಿಯಿಡೀ ನಿದ್ದೆ ಇಲ್ಲ. ಇದು ಎಲ್ಲಿಂದ ಅಂಟಿತು ಅಂತ ಅಮ್ಮ ಕೇಳ್ತಾರೆ, ದುಬೈಯಿಂದ ಗಂಡನೂ ಅದನ್ನೇ ಕೇಳ್ತಾರೆ. ಸಿಸೇರಿಯನ್ ಮಾಡಿಸಿಕೊಂಡರೆ ಒಳ್ಳೆಯದಾ? ಹಾಲು ಕುಡಿಸಬಹುದಾ?

ಉತ್ತರ, ಪ್ರಸೂತಿ ವೈದ್ಯೆ: ಮೊದಲು ಆ ಕೈಕಾಲು ಬೀಳುವ ವಿಷಯ ಬಿಡಿ. ಅದು ಗಿಲಾನ್ ಬಾರೆ ಸಿಂಡ್ರೋಮ್, 2025ರ ಶುರುವಿನಲ್ಲಿ ಪುಣೆಯಲ್ಲಿ ಸುದ್ದಿಯಾಯ್ತಲ್ಲ, ಅದು. ಹೆಸರಿನ ಮೂರಕ್ಷರ ಮಾತ್ರ ಒಂದೇ.

ನಿಮ್ಮದು ಕರುಳಲ್ಲಿ ವಾಸ ಮಾಡುವ ಒಂದು ಬ್ಯಾಕ್ಟೀರಿಯಾ. ಹತ್ತು ಹೆಂಗಸರಲ್ಲಿ ಒಬ್ಬರಿಂದ ಮೂವರಿಗೆ ಇರುತ್ತದೆ, ಬರುತ್ತದೆ, ಹೋಗುತ್ತದೆ. ಗಲೀಜಿನಿಂದ ಬಂದದ್ದಲ್ಲ, ಗುಪ್ತರೋಗವೂ ಅಲ್ಲ. ಗಂಡನಿಗೆ ಇದಿಷ್ಟನ್ನು ಹಾಗೇ ಫಾರ್ವರ್ಡ್ ಮಾಡಿ. ಅಂದ ಹಾಗೆ ಇದರ ಪೂರ್ತಿ ಹೆಸರಲ್ಲಿ ಅಗಲಾಕ್ಟಿಯೆ ಅಂತ ಉಂಟು, ಅಂದರೆ ಹಾಲಿಲ್ಲದ್ದು. ದನದ ಕೆಚ್ಚಲು ಬಾವಿನಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ಹಾಗಂತ ಹಟ್ಟಿಯ ದನವನ್ನು ದೂರಬೇಡಿ.

ಮಾತ್ರೆ ಯಾಕಿಲ್ಲ ಅಂದರೆ, ಈಗ ತಿಂದರೆ ಅದು ನಾಲ್ಕು ದಿನ ತಣ್ಣಗಾಗಿ, ಹೆರಿಗೆ ಹೊತ್ತಿಗೆ ಕರುಳಿನಿಂದ ಪುನಃ ಬಂದು ಕೂತಿರುತ್ತದೆ. ಸುಮ್ನೆ ದಂಡ. ಮಗುವಿಗೆ ತಗಲುವುದು ನೀರು ಹೋದ ಮೇಲೆ, ಹುಟ್ಟಿ ಬರುವ ದಾರಿಯಲ್ಲಿ. ಆಗ ನಿಮ್ಮ ರಕ್ತದಲ್ಲಿ ಔಷಧ ಇರಬೇಕು. ಅದಕ್ಕೇ ನೋವು ಶುರುವಾದ ಕೂಡಲೇ ಪೆನಿಸಿಲಿನ್ ಅಥವಾ ಆಂಪಿಸಿಲಿನ್ ನರಕ್ಕೆ ಹಾಕಿ, ಹೆರಿಗೆ ಆಗುವವರೆಗೂ 4 ಗಂಟೆಗೊಮ್ಮೆ ಕೊಡ್ತೇವೆ. ಮೊದಲ ಡೋಸ್ ಹೋಗಿ ಕನಿಷ್ಠ 4 ಗಂಟೆಯಾದರೂ ಆಗಿರಬೇಕು. ಪೆನಿಸಿಲಿನ್ ಅಲರ್ಜಿ ಇದ್ದರೆ ಈಗಲೇ ಹೇಳಿ. ಆಗ ಏನಾಗಿತ್ತು, ಬರೀ ತುರಿಕೆಯಾ, ಉಸಿರು ಕಟ್ಟಿತ್ತಾ, ಅದನ್ನೂ ಹೇಳಿ. ಔಷಧ ಬದಲಾಗುತ್ತದೆ.

ಏನೂ ಕೊಡದಿದ್ದರೆ ಇಂಥ ತಾಯಂದಿರ ನೂರು ಮಕ್ಕಳಲ್ಲಿ ಒಂದೋ ಎರಡೋ ಕಾಯಿಲೆ ಬೀಳ್ತವೆ. ಕಡಿಮೆ ಅನ್ನಿಸಬಹುದು, ಆದರೆ ಬಿದ್ದ ಮಗುವಿಗೆ ನ್ಯುಮೋನಿಯಾ, ರಕ್ತದ ಸೋಂಕು, ಮೆದುಳುಪೊರೆಯ ಉರಿಯೂತ, ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ. ಇದೊಂದಕ್ಕಾಗಿ ಸಿಸೇರಿಯನ್ ಬೇಡ. ಹಾಲು ಖಂಡಿತ ಕುಡಿಸಿ.

ಸದಸ್ಯೆ, ಸುರತ್ಕಲ್: ನನಗೂ ಪಾಸಿಟಿವ್ ಇತ್ತು. ರಾತ್ರಿ ಎರಡು ಗಂಟೆಗೆ ಹೋದೆ, ಡ್ಯೂಟಿಯಲ್ಲಿದ್ದವರಿಗೆ ಗೊತ್ತೇ ಇಲ್ಲ, ರಿಪೋರ್ಟ್ ಫೈಲಿನಲ್ಲಿ ಸ್ಕ್ಯಾನಿಂಗ್ ಕಾಗದಗಳ ಅಡಿಯಲ್ಲಿ ಎಲ್ಲೋ ಸೇರಿಕೊಂಡಿತ್ತು. ನೋವಿನ ಮಧ್ಯೆ ನಾನೇ ನೆನಪು ಮಾಡಿದೆ. ಇಂಜೆಕ್ಷನ್ ಹಾಕಿ ಒಂದು ಗಂಟೆಗೆ ಮಗು ಹುಟ್ಟಿತು. ಅದು ಲೆಕ್ಕಕ್ಕೆ ಬಂತಾ?

ವೈದ್ಯೆ: ಸ್ವಲ್ಪವಾದರೂ ಪ್ರಯೋಜನ ಇದ್ದೇ ಇರುತ್ತದೆ, ಪೂರ್ತಿ ಅಲ್ಲ. ಹಾಗಾದಾಗ ಮಗುವನ್ನು 36ರಿಂದ 48 ಗಂಟೆ ಆಸ್ಪತ್ರೆಯಲ್ಲೇ ಗಮನಿಸ್ತಾರೆ. ಬೇಗ ಮನೆಗೆ ಬಿಡಿ ಅಂತ ಹಟ ಮಾಡಬಾರದು.

ಸದಸ್ಯೆ, ಕಾರ್ಕಳ: ನನಗೆ ಈ ಟೆಸ್ಟ್ ಮಾಡಲೇ ಇಲ್ಲವಲ್ಲ?

ವೈದ್ಯೆ: ನಮ್ಮಲ್ಲಿ ಎಲ್ಲರಿಗೂ ಮಾಡುವ ಕ್ರಮ ಇಲ್ಲ. ಅಮೆರಿಕದಲ್ಲಿ ಎಲ್ಲರಿಗೂ 36, 37ನೇ ವಾರದಲ್ಲಿ ಮಾಡ್ತಾರೆ, ಬ್ರಿಟನ್‌ನಲ್ಲಿ ಇಲ್ಲ. ಟೆಸ್ಟ್ ಆಗದವರಿಗೆ ಅಪಾಯ ನೋಡಿ ಕೊಡ್ತೇವೆ: 37 ವಾರಕ್ಕೆ ಮೊದಲೇ ನೋವು ಬಂದರೆ, ನೀರು ಹೋಗಿ 18 ಗಂಟೆ ದಾಟಿದರೆ, ನೋವಿನ ಹೊತ್ತಿಗೆ ಜ್ವರ 38 ಡಿಗ್ರಿಗೆ ಏರಿದರೆ. ಈ ಬಸುರಿನಲ್ಲಿ ಮೂತ್ರದಲ್ಲಿ ಇದೇ ಬ್ಯಾಕ್ಟೀರಿಯಾ ಸಿಕ್ಕಿದ್ದರೆ, ಅಥವಾ ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿದ್ದರೆ, ಟೆಸ್ಟೇ ಬೇಡ, ನೇರ ಇಂಜೆಕ್ಷನ್.

ಇನ್ನೊಂದು ಮಾತು. ಈ ಇಂಜೆಕ್ಷನ್ ಕಾಯುವುದು ಮೊದಲ ವಾರದ ಕಾಯಿಲೆಯಿಂದ ಮಾತ್ರ. ಒಂದು ವಾರದ ಮೇಲೆ ಮೂರು ತಿಂಗಳವರೆಗೆ ಬರುವುದು ಬೇರೆ, ಅದು ನಿಲ್ಲುವುದಿಲ್ಲ. ಬಾಣಂತಿ ಕೋಣೆಯಲ್ಲಿ "ಎಂಥ ಪಾಪದ ಮಗು, ಅಳುವುದೇ ಇಲ್ಲ" ಅಂತಾರಲ್ಲ, ಅದು ಹಾಲಿಗೂ ಏಳದೆ ಮಲಗಿದ್ದರೆ, ನರಳಿದರೆ, ಮೈ ಬಿಸಿಯೋ ತಣ್ಣಗೋ ಆದರೆ ಕೂಡಲೇ ಹೊರಡಿ. ದೃಷ್ಟಿ ತೆಗೆಯುವುದು ಬಂದ ಮೇಲೆ.

ಪ್ರಶ್ನೆ ಕೇಳಿದವರು: ರಿಪೋರ್ಟನ್ನು ತಾಯಿ ಕಾರ್ಡಿನ ಮೇಲೇ ಪಿನ್ ಹೊಡೆದೆ. ನಮ್ಮಲ್ಲಿಂದ ಆಸ್ಪತ್ರೆಗೆ ಒಂದೂವರೆ ಗಂಟೆ ದಾರಿ. ನೋವು ಜೋರಾದ ಮೇಲೆ ಹೊರಟರೆ ಸಾಕು ಅಂತ ಅಮ್ಮ ಹೇಳ್ತಾರೆ.

ವೈದ್ಯೆ: ಸಾಕಾಗುವುದಿಲ್ಲ. ನೋವು ಹಿಡಿಯಿತು ಅನ್ನಿಸಿದ ಕೂಡಲೇ ಹೊರಡಿ. ನೀರು ಹೋದರಂತೂ ನೋವಿಗೆ ಕಾಯಲೇಬೇಡಿ, ಕಾರಿನಿಂದಲೇ ಫೋನ್ ಮಾಡಿ "ನಾನು ಜಿಬಿಎಸ್ ಪಾಸಿಟಿವ್" ಅಂತ ಹೇಳಿಬಿಡಿ. ಆಗುವುದಾದರೆ ಮುಂದಿನ ವಾರದಿಂದ ಉಡುಪಿಯಲ್ಲೇ ಯಾರಾದರೂ ನೆಂಟರ ಮನೆಯಲ್ಲಿರಿ.