ಅಪ್‌ಡೇಟ್: ಕೊನೆಗೂ ಮೈಸೂರಲ್ಲೇ ಮನೆ ಮಾಡಿದೆವು

ನಾವಿಬ್ಬರು ಗಂಡಸರು ಜೋಡಿಯಾಗಿ, ನಿವೃತ್ತಿ ಆದಮೇಲೆ, ಕಡಿಮೆ ಖರ್ಚಿನಲ್ಲಿ ಎಲ್ಲಿ ನೆಮ್ಮದಿಯಾಗಿ ಇರಬಹುದು ಅಂತ ಕೇಳಿದ್ದೆ. ಬೆಂಗಳೂರಲ್ಲಿ ನಮ್ಮಂಥವರ ಒಡನಾಟ ಜಾಸ್ತಿ, ಆದರೆ ಬಾಡಿಗೆ ಪಿಂಚಣಿಯನ್ನೇ ನುಂಗುತ್ತೆ. ಮೈಸೂರಿನ ಕುವೆಂಪುನಗರದಲ್ಲಿ ಮನೆ ಹಿಡಿದೆವು. ಮೊದಲು ನೋಡಿದ ಮನೆಯವರು "ಫ್ಯಾಮಿಲಿಗೆ ಮಾತ್ರ" ಅಂದಿದ್ದರು. ತುಂಬಾ ನೋವಾಗಿತ್ತು. ಈ ಮನೆಯ ಅಜ್ಜಿಗೆ ನಿಜ ಹೇಳಿಯೇ ಅಡ್ವಾನ್ಸ್ ಕೊಟ್ಟೆವು. ಹಾಲುಕ್ಕಿಸುವ ದಿನ ಅವರೇ ಬಂದು ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ, "ಇಬ್ಬರೂ ಸೇರಿ ಒಲೆ ಹಚ್ರಪ್ಪ" ಅಂದರು. ಇವನ ಕೈ ನಡುಗುತ್ತಿತ್ತು.

2023ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಮದುವೆಗೆ ಮಾನ್ಯತೆ ಕೊಡಲಿಲ್ಲ ಅಲ್ವಾ, ಅದಕ್ಕೇ ವಿಲ್ ರಿಜಿಸ್ಟರ್ ಮಾಡಿಸಿದೆವು. ನಮ್ಮಂಥವರು ಜಂಟಿ ಖಾತೆ ತೆರೆಯೋಕೆ, ಸಂಗಾತಿಯನ್ನ ನಾಮಿನಿ ಮಾಡೋಕೆ ಅಡ್ಡಿಯಿಲ್ಲ ಅಂತ 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೇಳಿದೆ. ಅದರ ಪ್ರತಿ ಹಿಡಿದು ಬ್ಯಾಂಕಿಗೆ ಹೋದೆವು, ಕೆಲಸ ಆಯಿತು. ಆಸ್ಪತ್ರೆಯಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ನಿರ್ಧರಿಸೋಕೆ ಬೇಕಾದ ಅಧಿಕಾರ ಪತ್ರ ಬಾಕಿ ಇದೆ. ವಕೀಲರು ಮುಂದಿನ ವಾರ ಬರೋಕೆ ಹೇಳಿದ್ದಾರೆ.